ಎಡ-ಬಲದ ಹರಳುಗಳನ್ನು ಬೇರ್ಪಡಿಸಿದ ತರುಣ: ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ ಎಂಬ ಹೆಸರು ನಮ್ಮ ಮನೆಗಳಿಗೆ ಹಾಲಿನ ಪಾಕೀಟಿನ ಮೂಲಕ ಬರುತ್ತದೆ. ಆಸ್ಪತ್ರೆಗೆ ಹುಚ್ಚುನಾಯಿ ಕಡಿತದ ಚುಚ್ಚುಮದ್ದಿನ ಮೂಲಕ ಬರುತ್ತದೆ. ಶಾಲೆಗೆ ರೋಗಾಣುಗಳ ಪಾಠದ ಮೂಲಕ ಬರುತ್ತದೆ. ಆದುದರಿಂದ ಅವರನ್ನು ವೈದ್ಯರೆಂದು ತಿಳಿದವರೇ ಹೆಚ್ಚು. ಆದರೆ ಪಾಶ್ಚರರು ವೈದ್ಯಕೀಯವನ್ನು ಓದಿದವರಲ್ಲ, ರಸಾಯನಶಾಸ್ತ್ರವನ್ನು ಓದಿದವರು. ಅವರ ಮೊದಲ ದೊಡ್ಡ ಶೋಧ ನಡೆದಾಗ ಅವರಿಗೆ ಇಪ್ಪತ್ತೈದು ವರ್ಷ. ಆ ಶೋಧಕ್ಕೆ ಬೇಕಾದದ್ದು ಹುಳಿ ಉಪ್ಪಿನ ಕೆಲವು ಹರಳುಗಳು, ಒಂದು ಸರಳ ಉಪಕರಣ ಮತ್ತು ದಣಿಯದ ಕಣ್ಣು. ಇಂದು ಜಗತ್ತಿನಾದ್ಯಂತ ಔಷಧಗಳನ್ನು ತಯಾರಿಸುವ ಒಂದು ಮಹತ್ವದ ವಿದ್ಯೆ ಆ ಹರಳುಗಳಿಂದಲೇ ಹುಟ್ಟಿತು. ಶತಮಾನೋತ್ಸವದ ಈ ಸಂಚಿಕೆಯಲ್ಲಿ, ಹೆಚ್ಚು ಪ್ರಚಾರಕ್ಕೆ ಬಾರದ ಆ ಪಾಶ್ಚರರನ್ನು ನಮ್ಮ ಪಾಲಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಗುರುವೃಂದಕ್ಕೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಪಾಶ್ಚರರು 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾನ್ ಜೋಸೆಫ್ ಚರ್ಮ ಹದ ಮಾಡುವ ಕಾಯಕದವರು. ಅದಕ್ಕೂ ಮೊದಲು ನೆಪೋಲಿಯನ್ನನ ಸೈನ್ಯದಲ್ಲಿ ದುಡಿದವರು. ಲೂಯಿ ಚಿಕ್ಕವನಿದ್ದಾಗಲೇ ಕುಟುಂಬ ಆರ್ಬ್ವಾ ಎಂಬ ಊರಿನಲ್ಲಿ ನೆಲೆಸಿತು. ಮನೆಯ ಪಕ್ಕದಲ್ಲಿಯೇ ಚರ್ಮ ನೆನೆಹಾಕುವ ಗುಂಡಿಗಳು, ತೊಗಟೆಯ ಒಗರು ವಾಸನೆ. ಕೊಲ್ಹಾಪುರದ ಚಪ್ಪಲಿಯನ್ನು ಬಲ್ಲ ನಮ್ಮ ಓದುಗರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಚರ್ಮವನ್ನು ಹದಗೊಳಿಸುವ ಕುಟುಂಬಗಳು ನಮ್ಮ ಗಡಿಯ ಎರಡೂ ಬದಿಗಳಲ್ಲಿವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು. ಅಂಥದೇ ಒಂದು ಮನೆಯಿಂದ ಈ ಬಾಲಕ ಶಾಲೆಗೆ ಬಂದ.

ಶಾಲೆಯಲ್ಲಿ ಲೂಯಿ ಸಾಧಾರಣ ವಿದ್ಯಾರ್ಥಿ. ಓದಿಗಿಂತ ಚಿತ್ರ ಬರೆಯುವುದರಲ್ಲಿ ಆಸಕ್ತಿ ಹೆಚ್ಚು. ತಾಯಿತಂದೆಯರನ್ನೂ ನೆರೆಹೊರೆಯವರನ್ನೂ ಎದುರಿಗೆ ಕೂರಿಸಿಕೊಂಡು ಬರೆದ ಬಣ್ಣದ ಚಿತ್ರಗಳು ಇಂದಿಗೂ ಉಳಿದಿವೆ. ಮುಖದ ಎಡಬದಿಗೂ ಬಲಬದಿಗೂ ಇರುವ ಸೂಕ್ಷ್ಮ ಅಂತರವನ್ನು ಗುರುತಿಸುವ ಅಭ್ಯಾಸ ಆ ಕಣ್ಣಿಗೆ ಹೀಗೆ ಬಂದಿರಬೇಕು. 1838ರಲ್ಲಿ ಹೆಚ್ಚಿನ ಓದಿಗೆಂದು ಪ್ಯಾರಿಸ್‌ಗೆ ಕಳುಹಿಸಿದಾಗ ಹುಡುಗನಿಗೆ ಮನೆಯ ಹಂಬಲ ತಡೆಯಲಾಗಲಿಲ್ಲ. ಕೆಲವೇ ವಾರಗಳಲ್ಲಿ ತಂದೆಯೇ ಹೋಗಿ ಊರಿಗೆ ಕರೆತಂದರು. ಆ ತಂದೆ ಮಗನನ್ನು ನಿಂದಿಸಿ ಅಂಗಡಿಯಲ್ಲಿ ಕೂರಿಸಲಿಲ್ಲ. ಹತ್ತಿರದ ಬೆಸಾನ್ಸೋನ್‌ನಲ್ಲಿ ಓದು ಮುಂದುವರಿಯಲು ಅನುವು ಮಾಡಿಕೊಟ್ಟರು. 1842ರ ವಿಜ್ಞಾನ ಪರೀಕ್ಷೆಯಲ್ಲಿ ಮುಂದೆ ಜಗದ್ವಿಖ್ಯಾತ ರಸಾಯನಶಾಸ್ತ್ರಜ್ಞರಾಗಲಿದ್ದ ಈ ತರುಣನಿಗೆ ರಸಾಯನಶಾಸ್ತ್ರದಲ್ಲಿಯೇ ಸಾಧಾರಣ ಶ್ರೇಣಿ ಬಂದಿತು. ಪ್ಯಾರಿಸ್‌ನ ಪ್ರಸಿದ್ಧ ಎಕೋಲ್ ನಾರ್ಮಾಲ್ ಅಧ್ಯಾಪಕ ವಿದ್ಯಾಲಯಕ್ಕೆ ಅದೇ ವರ್ಷ ಪ್ರವೇಶ ದೊರೆತರೂ ತನ್ನ ಸ್ಥಾನ ಕೆಳಗಿದೆಯೆಂದು ಒಪ್ಪದೆ, ಮತ್ತೊಂದು ವರ್ಷ ಓದಿ, 1843ರಲ್ಲಿ ಉತ್ತಮ ಸ್ಥಾನದೊಡನೆ ಸೇರಿದರು. ಅಲ್ಲಿ ಡ್ಯೂಮಾ ಅವರ ಉಪನ್ಯಾಸಗಳು ಅವರನ್ನು ರಸಾಯನಶಾಸ್ತ್ರದ ಕಡೆಗೆ ಸೆಳೆದವು. ಬ್ರೋಮಿನ್ ಕಂಡುಹಿಡಿದ ಬಲಾರ್ ಅವರ ಪ್ರಯೋಗಾಲಯದಲ್ಲಿ ಸಹಾಯಕರ ಕೆಲಸ ಸಿಕ್ಕಿತು. 1847ರಲ್ಲಿ ಡಾಕ್ಟರೇಟ್ ಪಡೆದರು.

ಪಾಶ್ಚರರ ಶೋಧವನ್ನು ಅರಿಯಲು ಎರಡು ವಿಷಯಗಳನ್ನು ತಿಳಿದಿರಬೇಕು. ಮೊದಲನೆಯದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಮದ್ಯ ತಯಾರಾಗುವ ಪೀಪಾಯಿಗಳ ಒಳಮೈಗೆ ಹತ್ತಿಕೊಳ್ಳುವ ಗಟ್ಟಿಯಿಂದ ಇದನ್ನು ತೆಗೆಯುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವವರಿಗೆ ಇದು ಬೇಕಾಗಿತ್ತು. ನಮ್ಮ ಮನೆಯ ಸಾರಿಗೆ ಹಿಂಡುವ ಹುಣಸೆಯ ಹುಳಿಯೂ ಮುಖ್ಯವಾಗಿ ಇದೇ ಆಮ್ಲ. ಎರಡನೆಯದು ಬೆಳಕು. ಕೆಲವು ಹರಳುಗಳ ಮೂಲಕ ಹಾಯಿಸಿದಾಗ ಬೆಳಕಿನ ಕಂಪನ ಒಂದೇ ಸಮತಲಕ್ಕೆ ಸೀಮಿತವಾಗುತ್ತದೆ. ಇದನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ಇಂಥ ಬೆಳಕನ್ನು ಸಕ್ಕರೆಯ ದ್ರಾವಣದ ಮೂಲಕ ಕಳುಹಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತದೆ. ದ್ರವಗಳಲ್ಲಿ ಈ ಗುಣವಿರುವುದನ್ನು 1815ರಲ್ಲಿ ಕಂಡವರು ಬ್ಯೋ ಎಂಬ ಫ್ರೆಂಚ್ ವಿಜ್ಞಾನಿ. ಗಡಹಿಂಗ್ಲಜ ಪರಿಸರದ ಕಬ್ಬು ಬೆಳೆಗಾರರಿಗೆ ಈ ವಿಷಯ ತಿಳಿಯದೆಯೇ ಹತ್ತಿರವಾಗಿದೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸದ ಸಕ್ಕರೆಯನ್ನು ಅಳೆಯುವ ಪೋಲಾರಿಮೀಟರ್ ಮಾಡುವುದು ಈ ತಿರುವಿನ ಅಳತೆಯನ್ನೇ. ಕಬ್ಬಿನ ದರಕ್ಕೆ ಆಧಾರವಾದ ರಿಕವರಿಯ ಲೆಕ್ಕದ ಹಿಂದೆ ಬೆಳಕಿನ ಈ ಹೊರಳುವಿಕೆ ಇದೆ.

ಟಾರ್ಟಾರಿಕ್ ಆಮ್ಲದ ದ್ರಾವಣವೂ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಆದರೆ ಆಲ್ಸೇಸ್ ಪ್ರಾಂತದ ಥಾನ್ ಎಂಬ ಊರಿನ ಕಾರ್ಖಾನೆಯಲ್ಲಿ ಇನ್ನೊಂದು ಆಮ್ಲ ದೊರೆತಿತ್ತು. ಅದರ ರಾಸಾಯನಿಕ ಘಟಕಗಳು ಟಾರ್ಟಾರಿಕ್ ಆಮ್ಲದವೇ, ಪ್ರಮಾಣವೂ ಅದೇ; ಆದರೆ ಅದು ಬೆಳಕನ್ನು ಎತ್ತಲೂ ತಿರುಗಿಸುತ್ತಿರಲಿಲ್ಲ. ಇದಕ್ಕೆ ಪ್ಯಾರಾಟಾರ್ಟಾರಿಕ್ ಆಮ್ಲವೆಂದು ಹೆಸರಿಟ್ಟರು. 1844ರಲ್ಲಿ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಮಿಚೆರ್ಲಿಕ್ ಅವರು ಈ ಎರಡರ ಸೋಡಿಯಂ-ಅಮೋನಿಯಂ ಲವಣಗಳು ಹರಳಿನ ಆಕಾರದಲ್ಲಿಯೂ ಸರ್ವಸಮವೆಂದು ಪ್ರಕಟಿಸಿದರು. ಎಲ್ಲವೂ ಸಮವಾಗಿದ್ದು ಒಂದು ಮಾತ್ರ ಬೆಳಕನ್ನು ತಿರುಗಿಸುವುದು ಹೇಗೆ? ಈ ಪ್ರಶ್ನೆ ತರುಣ ಪಾಶ್ಚರರ ನಿದ್ದೆ ಕೆಡಿಸಿತು.

1848ರ ವಸಂತಕಾಲ. ಪ್ಯಾರಿಸ್ ನಗರದಲ್ಲಿ ಕ್ರಾಂತಿಯ ಗದ್ದಲ. ಪಾಶ್ಚರರು ಹಿರಿಯರ ಮಾತನ್ನು ಒಪ್ಪಿ ಸುಮ್ಮನಾಗದೆ ಹರಳುಗಳನ್ನು ತಾವೇ ಬೆಳೆಸಿ ಒಂದೊಂದನ್ನೂ ನೋಡಿದರು. ಟಾರ್ಟಾರಿಕ್ ಲವಣದ ಹರಳುಗಳ ಅಂಚಿನಲ್ಲಿ ಸಣ್ಣ ಓರೆ ಮುಖಗಳಿದ್ದವು. ಅವೆಲ್ಲವೂ ಒಂದೇ ಬದಿಗೆ ವಾಲಿದ್ದವು. ಬೆಳಕನ್ನು ತಿರುಗಿಸದ ಲವಣದ ಹರಳುಗಳಲ್ಲಿ ಇಂಥ ಓರೆ ಮುಖಗಳು ಇರಲಾರವೆಂದು ಅವರು ಊಹಿಸಿದ್ದರು. ಊಹೆ ಸುಳ್ಳಾಯಿತು, ಓರೆ ಮುಖಗಳು ಅಲ್ಲಿಯೂ ಇದ್ದವು. ಮತ್ತೆ ನೋಡಿದಾಗ ತಿಳಿದದ್ದು ಇಷ್ಟು: ಕೆಲವು ಹರಳುಗಳ ಮುಖ ಬಲಕ್ಕೆ ವಾಲಿತ್ತು, ಕೆಲವುಗಳದು ಎಡಕ್ಕೆ. ಒಂದು ಜೋಡಿ ಚಪ್ಪಲಿಯನ್ನು ನೆನೆಯಿರಿ. ಅಳತೆ ಒಂದೇ, ಚರ್ಮ ಒಂದೇ, ಹೊಲಿಗೆ ಒಂದೇ. ಆದರೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದು; ಕನ್ನಡಿಯಲ್ಲಿ ಮಾತ್ರ ಒಂದು ಇನ್ನೊಂದಾಗಿ ಕಾಣುತ್ತದೆ. ಆ ಹರಳುಗಳ ಸಂಬಂಧ ಅಂಥದು.

ಪಾಶ್ಚರರು ಎಡದ ಹರಳುಗಳನ್ನೂ ಬಲದ ಹರಳುಗಳನ್ನೂ ಕೈಯಿಂದಲೇ ಆರಿಸಿ ಎರಡು ಗುಂಪು ಮಾಡಿದರು. ನಮ್ಮ ಮನೆಗಳಲ್ಲಿ ಅಕ್ಕಿಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುವಷ್ಟೇ ತಾಳ್ಮೆಯ ಕೆಲಸವಿದು. ಒಂದು ಗುಂಪಿನ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು. ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ಎರಡನ್ನೂ ಸಮವಾಗಿ ಬೆರೆಸಿದಾಗ ತಿರುವು ಸೊನ್ನೆಯಾಯಿತು. ಒಗಟು ಬಿಡಿಸಿತು. ಪ್ಯಾರಾಟಾರ್ಟಾರಿಕ್ ಆಮ್ಲ ಹೊಸ ವಸ್ತುವಲ್ಲ, ಎಡ-ಬಲಗಳ ಸಮಪಾಲಿನ ಬೆರಕೆ. ಒಂದರ ತಿರುವನ್ನು ಇನ್ನೊಂದು ಅಳಿಸುತ್ತಿತ್ತು. ಹರಳು ಕರಗಿದ ಮೇಲೂ ಈ ಗುಣ ಉಳಿದುದರಿಂದ, ಎಡ-ಬಲದ ಭೇದ ಹರಳಿನದಲ್ಲ, ಕಣ್ಣಿಗೆ ಕಾಣದ ಅಣುವಿನದೇ ಎಂಬ ತೀರ್ಮಾನಕ್ಕೆ ಅವರು ಬಂದರು. ಇಲ್ಲಿ ಹವಾಮಾನವೂ ಕೈಹಿಡಿಯಿತೆನ್ನಬೇಕು. ಈ ಲವಣದ ಎಡ-ಬಲಗಳು ಬೇರೆ ಬೇರೆ ಹರಳುಗಳಾಗುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ನಮ್ಮ ಇಚಲಕರಂಜಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದೇ ಪಾತ್ರೆಯನ್ನಿಟ್ಟಿದ್ದರೆ ಎರಡೂ ಕೂಡಿದ ಹರಳುಗಳೇ ಬೆಳೆಯುತ್ತಿದ್ದವು.

ಸುದ್ದಿ ವೃದ್ಧ ಬ್ಯೋ ಅವರಿಗೆ ಮುಟ್ಟಿತು. ಬೆಳಕಿನ ಈ ಗುಣದ ಅಧ್ಯಯನದಲ್ಲಿ ಆಯುಷ್ಯ ಸವೆಸಿದ್ದ ಅವರಿಗೆ ಆಗ 74 ವರ್ಷ. ಅವರು ಹೊಗಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ತಮ್ಮೆದುರಿಗೇ ಪ್ರಯೋಗ ಮಾಡಿ ತೋರಿಸಬೇಕೆಂದರು. ತಾವೇ ಪರೀಕ್ಷಿಸಿದ ಆಮ್ಲವನ್ನು ಕೊಟ್ಟರು. ಪಾತ್ರೆಯನ್ನು ತಮ್ಮ ಕೋಣೆಯಲ್ಲಿಯೇ ಇರಿಸಿಕೊಂಡರು. ಹರಳು ಮೂಡಿದ ಮೇಲೆ ಪಾಶ್ಚರರನ್ನು ಕರೆಸಿ ಬೇರ್ಪಡಿಸಲು ಹೇಳಿ, ದ್ರಾವಣವನ್ನು ಸ್ವತಃ ಸಿದ್ಧಪಡಿಸಿ, ಎಡಕ್ಕೆ ತಿರುಗಿಸುವುದೆಂಬ ಭಾಗವನ್ನೇ ಮೊದಲು ನೋಡಿದರು. ಉಪಕರಣದಲ್ಲಿ ಬೆಳಕು ಎಡಕ್ಕೆ ಹೊರಳಿದುದನ್ನು ಕಂಡೊಡನೆ ಆ ಹಿರಿಯ ಜೀವ ತರುಣನ ಕೈಹಿಡಿದು ಭಾವುಕವಾಯಿತು. ಅಂದಿನಿಂದ ಬ್ಯೋ ಅವರು ಪಾಶ್ಚರರ ಪಾಲಿಗೆ ಗುರುವೂ ರಕ್ಷಕರೂ ಆದರು. ಶಿಷ್ಯನ ಮಾತನ್ನು ನಂಬುವ ಮೊದಲು ಪರೀಕ್ಷಿಸಿ, ಪರೀಕ್ಷಿಸಿದ ಮೇಲೆ ತುಂಬುಮನಸ್ಸಿನಿಂದ ಬೆನ್ನಿಗೆ ನಿಂತ ಈ ಗುರುವನ್ನು ನಾವು ಅಧ್ಯಾಪಕರು ನೆನೆಯಬೇಕು. ಅದೇ ಮೇ ತಿಂಗಳಲ್ಲಿ ಪಾಶ್ಚರರ ತಾಯಿ ತೀರಿಕೊಂಡರು. ಜೀವನದ ಮೊದಲ ದೊಡ್ಡ ಸಂತೋಷವೂ ದೊಡ್ಡ ದುಃಖವೂ ಒಟ್ಟಿಗೆ ಬಂದವು.

1849ರಲ್ಲಿ ಪಾಶ್ಚರರು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಾಪಕರಾದರು. ಸ್ಟ್ರಾಸ್‌ಬರ್ಗ್ ಗಡಿನಾಡಿನ ನಗರ; ಫ್ರೆಂಚ್ ಮತ್ತು ಜರ್ಮನ್ ನುಡಿಗಳ ನಡುವೆ ಬದುಕುವ ಊರು. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುವ ನಮಗೆ ಅದರ ಸುಖದುಃಖಗಳು ಅಪರಿಚಿತವಲ್ಲ. ಆ ವರ್ಷವೇ ಅಲ್ಲಿಯ ರೆಕ್ಟರರ ಮಗಳು ಮರಿ ಲೊರಾನ್ ಅವರೊಡನೆ ವಿವಾಹವಾಯಿತು. ಮರಿಯವರು ಮನೆ ನಡೆಸಿದ್ದಲ್ಲದೆ ರಾತ್ರಿಗಳಲ್ಲಿ ಗಂಡ ಹೇಳಿದ ಟಿಪ್ಪಣಿಗಳನ್ನು ಬರೆದುಕೊಂಡರು, ಪ್ರಯೋಗಗಳ ಚರ್ಚೆಯಲ್ಲಿ ಪಾಲ್ಗೊಂಡರು. 1853ರಲ್ಲಿ ಪಾಶ್ಚರರು ಎಡ-ಬಲದ ಅಣುಗಳನ್ನು ಬೇರ್ಪಡಿಸುವ ಎರಡನೆಯ ಉಪಾಯವನ್ನು ಕಂಡರು. ಸಿಂಕೋನಾ ಮರದ ತೊಗಟೆಯಿಂದ ಬರುವ ವಸ್ತುಗಳಿಗೂ ಎಡ-ಬಲದ ಭೇದವಿದೆ. ಬಲಗೈ ಬಲಗೈಯನ್ನು ಕುಲುಕುವಂತೆ ಎಡಗೈಯನ್ನು ಕುಲುಕಲಾರದು; ಅದರಂತೆ ಈ ವಸ್ತುಗಳು ಎಡದ ಆಮ್ಲದೊಡನೆ ಒಂದು ಬಗೆಯಾಗಿ, ಬಲದ ಆಮ್ಲದೊಡನೆ ಬೇರೊಂದು ಬಗೆಯಾಗಿ ಕೂಡುತ್ತವೆ. ಮೂರನೆಯ ಉಪಾಯ 1857ರ ಸುಮಾರಿಗೆ ಬೂಷ್ಟಿನಿಂದ ದೊರೆಯಿತು. ದ್ರಾವಣದಲ್ಲಿ ಬೆಳೆದ ಬೂಷ್ಟು ಬಲದ ಆಮ್ಲವನ್ನು ಮಾತ್ರ ತಿಂದು ಎಡದ್ದನ್ನು ಬಿಟ್ಟಿತ್ತು. ಜೀವಿಗಳು ಎಡ-ಬಲವನ್ನು ಗುರುತಿಸುತ್ತವೆ ಎಂಬ ಈ ಅರಿವೇ ಅವರನ್ನು ಹರಳಿನಿಂದ ಹುದುಗುವಿಕೆಗೂ, ಹುದುಗುವಿಕೆಯಿಂದ ರೋಗಾಣುಗಳಿಗೂ ಕರೆದೊಯ್ದಿತು.

ಮುಂದಿನ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. 1854ರಲ್ಲಿ ಲೀಲ್ ನಗರಕ್ಕೆ ಹೋದರು. 1857ರಲ್ಲಿ ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದರು. ಬಾಗಿದ ಕೊರಳಿನ ಗಾಜಿನ ಬುರುಡೆಗಳಿಂದ, ಜೀವವು ತನ್ನಿಂದ ತಾನೇ ಹುಟ್ಟದೆಂದು ಸಾಧಿಸಿದರು. 1865ರಿಂದ ರೇಷ್ಮೆ ಹುಳುವಿನ ರೋಗದ ಬೆನ್ನುಹತ್ತಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನೇ ಆರಿಸುವ ಕ್ರಮ ತಂದರು. ಕರ್ನಾಟಕದ ರೇಷ್ಮೆ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಆ ಕ್ರಮ ಇಂದಿಗೂ ನಡೆಯುತ್ತಿದೆ. ಈ ನಡುವೆ ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಶಕ್ತಿಗುಂದಿತು. ಆಗ ಅವರಿಗೆ 45 ವರ್ಷ. ಕೋಳಿ ಕಾಲರಾ, ನೆರಡಿ ರೋಗ, ಹುಚ್ಚುನಾಯಿ ರೋಗಗಳ ಲಸಿಕೆಗಳೆಲ್ಲವೂ ಆ ನಂತರದವು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಿಸಿದರು. ಬಾಲಕ ಉಳಿದ. 1888ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. 1895ರ ಸೆಪ್ಟೆಂಬರ್ 28ರಂದು ಅವರು ಕಾಲವಾದರು. ನಮ್ಮ ದೇಶದ ಕೂನೂರಿನಲ್ಲಿಯೂ ಅವರ ಹೆಸರಿನ ಸಂಸ್ಥೆಯಿದೆ.

ಮಹನೀಯರ ಚರಿತ್ರೆ ಬರೆಯುವಾಗ ಅವರ ಕುಂದುಗಳನ್ನು ಮುಚ್ಚುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. 1881ರ ನೆರಡಿ ಲಸಿಕೆಯ ಪ್ರಸಿದ್ಧ ಬಹಿರಂಗ ಪ್ರಯೋಗದಲ್ಲಿ, ಜನರು ತಿಳಿದ ವಿಧಾನದಿಂದಲ್ಲದೆ ಸಹೋದ್ಯೋಗಿ ಶಾಂಬರ್‌ಲಾನ್ ಅವರ ಬೇರೊಂದು ವಿಧಾನದಿಂದ ತಯಾರಿಸಿದ ಲಸಿಕೆಯನ್ನು ಬಳಸಿ, ಅದನ್ನು ಪಾಶ್ಚರರು ಬಹಿರಂಗಪಡಿಸಲಿಲ್ಲ. ಅವರ ಟಿಪ್ಪಣಿ ಪುಸ್ತಕಗಳು ಬೆಳಕಿಗೆ ಬಂದ ಮೇಲೆ ಇದು ತಿಳಿಯಿತು. ಜರ್ಮನಿಯೊಡನೆ ಯುದ್ಧವಾದಾಗ ಬಾನ್ ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿಯನ್ನು ಸಿಟ್ಟಿನಿಂದ ಹಿಂದಿರುಗಿಸಿದರು. ಆದರೆ ಅವರ ಮೊದಲ ಶೋಧದ ಪ್ರಶ್ನೆ ಬಂದದ್ದು ಜರ್ಮನ್ ವಿಜ್ಞಾನಿಯಿಂದಲೇ ಎಂಬುದನ್ನು ಮರೆಯಲಾಗದು. ವಿಜ್ಞಾನದಲ್ಲಿ ಪ್ರಶ್ನೆ ಒಂದು ದಡದ್ದಾಗಿ ಉತ್ತರ ಇನ್ನೊಂದು ದಡದ್ದಾಗುವುದು ಸಹಜ.

ಆ ಹರಳುಗಳ ಕಥೆ ಪಾಶ್ಚರರೊಂದಿಗೆ ಮುಗಿಯಲಿಲ್ಲ. 1874ರಲ್ಲಿ ವ್ಯಾಂಟ್ ಹಾಫ್ ಮತ್ತು ಲ ಬೆಲ್ ಎಂಬ ಇಬ್ಬರು ತರುಣರು ಬೇರೆ ಬೇರೆಯಾಗಿ, ಇಂಗಾಲದ ಪರಮಾಣುವಿನ ನಾಲ್ಕು ಕೈಗಳಿಗೆ ನಾಲ್ಕು ಬೇರೆ ಗುಂಪುಗಳು ಸೇರಿದಾಗ ಎಡ-ಬಲದ ಅಣುಗಳು ಉಂಟಾಗುತ್ತವೆಂದು ವಿವರಿಸಿದರು. ನಮ್ಮ ದೇಹ ಈ ಭೇದವನ್ನು ಬಲ್ಲದು. ಪುದೀನೆಯಲ್ಲಿಯೂ ಸಬ್ಬಸಿಗೆಯ ಬೀಜದಲ್ಲಿಯೂ ಕಾರ್ವೋನ್ ಎಂಬ ಒಂದೇ ವಸ್ತುವಿದೆ. ಒಂದರಲ್ಲಿ ಎಡದ್ದು, ಇನ್ನೊಂದರಲ್ಲಿ ಬಲದ್ದು. ಮೂಗಿಗೆ ಅವು ಬೇರೆ ಬೇರೆ ವಾಸನೆ. ಪಾರ್ಕಿನ್ಸನ್ ಎಂಬ ನಡುಕದ ರೋಗಕ್ಕೆ ಕೊಡುವ ಡೋಪಾ ಔಷಧದ ಒಂದು ರೂಪ ಮಾತ್ರ ಗುಣಕಾರಿ. ಅದರ ಕನ್ನಡಿ ರೂಪ ನಿಷ್ಪ್ರಯೋಜಕ, ತೊಂದರೆದಾಯಕ. ಸಾಮಾನ್ಯ ವಿಧಾನದಲ್ಲಿ ಔಷಧ ತಯಾರಿಸಿದರೆ ಎರಡೂ ಸಮಪಾಲಿನಲ್ಲಿ ಬರುತ್ತವೆ. ಅರ್ಧ ಶ್ರಮ ವ್ಯರ್ಥ. ಪಾಶ್ಚರರು ಬೆರಕೆಯನ್ನು ಬೇರ್ಪಡಿಸಿದರು. ಬೆರಕೆಯೇ ಆಗದಂತೆ, ಬೇಕಾದ ಕೈಯ ಅಣುವನ್ನಷ್ಟೇ ತಯಾರಿಸುವುದು ಇಪ್ಪತ್ತನೆಯ ಶತಮಾನದ ಸಾಧನೆ.

ಅದಕ್ಕೆ ಬೇಕಾದದ್ದು ಎಡ-ಬಲ ಬಲ್ಲ ವೇಗವರ್ಧಕ. ಒಂದು ಚಮಚ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವಂತೆ, ವೇಗವರ್ಧಕ ಅಲ್ಪ ಪ್ರಮಾಣದಲ್ಲಿದ್ದು ದೊಡ್ಡ ಕೆಲಸ ಮಾಡಿಸುತ್ತದೆ. ಇದರ ನಡುವೆ ಲೋಹದ ಒಂದು ಪರಮಾಣು ಇರುತ್ತದೆ. ಕೆಲಸ ನಡೆಯುವುದು ಅಲ್ಲಿ. ಅದನ್ನು ಸುತ್ತುವರಿದು ಹಿಡಿದಿಡುವ ಅಣುವಿಗೆ ಲಿಗ್ಯಾಂಡ್ ಎನ್ನುತ್ತಾರೆ. ಲಿಗ್ಯಾಂಡಿಗೆ ಎಡ ಅಥವಾ ಬಲದ ತಿರುವಿದ್ದರೆ, ಬರುವ ಅಣು ಒಂದು ಬದಿಯಿಂದ ಮಾತ್ರ ಲೋಹವನ್ನು ಮುಟ್ಟಬಲ್ಲದು. ಹೊರಬರುವಾಗ ಅದಕ್ಕೂ ಒಂದೇ ಕೈ. ಕೆಲವು ಲಿಗ್ಯಾಂಡುಗಳು ದೊಡ್ಡ ಉಂಗುರದಂತಿವೆ. ನಮ್ಮ ರಕ್ತದಲ್ಲಿ ಕಬ್ಬಿಣವನ್ನೂ ಎಲೆಯ ಹಸಿರಿನಲ್ಲಿ ಮೆಗ್ನೀಸಿಯಮ್ಮನ್ನೂ ಹಿಡಿದಿರುವುದು ಇಂಥ ಉಂಗುರಗಳೇ. ಇವನ್ನು ರೂಪಿಸುವ ಕೆಲಸ ಬಳೆಗಾರನ ಕೆಲಸದಂತೆ. ಉಂಗುರ ಸಡಿಲವಾದರೆ ಲೋಹ ಜಾರುತ್ತದೆ, ಬಿಗಿಯಾದರೆ ಒಳಗೆ ಕೂರದು. ಉಂಗುರದ ಒಳಮೈಯಲ್ಲಿ ಲೋಹವನ್ನು ಹಿಡಿಯುವ ಆಮ್ಲಜನಕ ಅಥವಾ ಸಾರಜನಕದ ಪರಮಾಣುಗಳು ಸರಿಯಾದ ಅಂತರದಲ್ಲಿರಬೇಕು. ತಿರುವು ಕೆಡದಷ್ಟು ಗಡುಸಿರಬೇಕು. ಬರುವ ಅಣುವಿಗೆ ಒಂದು ಬಾಗಿಲು ತೆರೆದಿರಬೇಕು. ಫಲವನ್ನು ಅಳೆಯುವುದೂ ಸರಳ. ನೂರರಲ್ಲಿ 95 ಅಣುಗಳು ಬಲದವು, 5 ಎಡದವು ಬಂದರೆ ಬಲದ ಆಧಿಕ್ಯ 90.

ಈ ತಿರುವನ್ನು ವಿಜ್ಞಾನಿಗಳು ಎಲ್ಲಿಂದ ತಂದರು? ಇಲ್ಲಿ ಇತಿಹಾಸ ಮತ್ತೆ ಪಾಶ್ಚರರ ಮೇಜಿನ ಬಳಿಗೆ ಬರುತ್ತದೆ. 1971ರಲ್ಲಿ ಫ್ರಾನ್ಸಿನ ಹೆನ್ರಿ ಕಗಾನ್ ಅವರು ಡಯಾಪ್ ಎಂಬ ಲಿಗ್ಯಾಂಡನ್ನು ಟಾರ್ಟಾರಿಕ್ ಆಮ್ಲದಿಂದಲೇ ಮಾಡಿದರು. 1980ರಲ್ಲಿ ಅಮೆರಿಕದ ಶಾರ್ಪ್‌ಲೆಸ್ ಅವರು ಟೈಟೇನಿಯಂ ಲೋಹಕ್ಕೆ ಟಾರ್ಟಾರಿಕ್ ಆಮ್ಲದ ಎಸ್ಟರನ್ನು ಜೊತೆಮಾಡಿ ಪ್ರಸಿದ್ಧ ಕ್ರಿಯೆಯೊಂದನ್ನು ಸಾಧಿಸಿದರು. ಅವರ ಮತ್ತೊಂದು ಕ್ರಿಯೆಗೆ ಸಿಂಕೋನಾ ತೊಗಟೆಯ ವಸ್ತುಗಳೇ ಆಧಾರವಾದವು. ಡೋಪಾ ಔಷಧವನ್ನು ಒಂದೇ ಕೈಯಲ್ಲಿ ತಯಾರಿಸುವ ದಾರಿ ತೋರಿದ ನೋಲ್ಸ್, ಮೆಂಥಾಲ್ ತಯಾರಿಕೆಗೂ ನೆರವಾದ ಜಪಾನಿನ ನೊಯೋರಿ ಮತ್ತು ಶಾರ್ಪ್‌ಲೆಸ್ ಮೂವರಿಗೂ 2001ರ ನೊಬೆಲ್ ಪ್ರಶಸ್ತಿ ಸಂದಿತು. ಉಂಗುರದ ಅಣುಗಳಿಗಾಗಿ 1987ರ ನೊಬೆಲ್ ಪಡೆದ ಮೂವರಲ್ಲಿ ಜಾನ್-ಮರಿ ಲೇನ್ ಅವರು ಸ್ಟ್ರಾಸ್‌ಬರ್ಗಿನವರು. ಪಾಶ್ಚರರು ಪಾಠ ಹೇಳಿದ ಅದೇ ಗಡಿನಗರದಲ್ಲಿ ಅವರ ಬಳಗ ಟಾರ್ಟಾರಿಕ್ ಆಮ್ಲವನ್ನು ಪೋಣಿಸಿ ಎಡ-ಬಲದ ತಿರುವುಳ್ಳ ಉಂಗುರಗಳನ್ನು ಕಟ್ಟಿತು.

ಚರ್ಮ ಹದ ಮಾಡುವವರ ಮಗ, ಸಾಧಾರಣ ಅಂಕಗಳ ವಿದ್ಯಾರ್ಥಿ, ಊರಿನ ಹಂಬಲಕ್ಕೆ ಸೋತು ಮನೆಗೆ ಮರಳಿದ ಹುಡುಗ. ಅಂದೇ ಯಾರಾದರೂ ಇವನಿಂದ ಇಷ್ಟೇ ಸಾಧ್ಯವೆಂದು ತೀರ್ಪು ಕೊಟ್ಟಿದ್ದರೆ ನಷ್ಟ ಒಂದು ಮನೆಯದಾಗಿ ಉಳಿಯುತ್ತಿರಲಿಲ್ಲ. ನಮ್ಮ ಶಾಲೆಗಳಿಗೂ ಮಗ್ಗದ ಮನೆಗಳಿಂದ, ಕಬ್ಬಿನ ಗದ್ದೆಗಳಿಂದ, ಚಪ್ಪಲಿ ಹೊಲಿಯುವ ಮನೆಗಳಿಂದ ಮಕ್ಕಳು ಬರುತ್ತಾರೆ. ಒಂದು ಪರೀಕ್ಷೆಯ ಅಂಕವನ್ನು ಕಂಡು ಅವರ ಓದನ್ನು ನಿಲ್ಲಿಸಬೇಡಿ ಎಂಬುದು ಪಾಲಕರಲ್ಲಿ ನನ್ನ ವಿನಂತಿ. ಮಗು ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾದುದನ್ನು ಕಂಡೆನೆಂದಾಗ ಗದರಿಸದೆ, ಬ್ಯೋ ಅವರಂತೆ, ತೋರಿಸು ನೋಡೋಣ ಎನ್ನುವ ಸಹನೆ ನಮ್ಮ ಅಧ್ಯಾಪಕರಲ್ಲಿ ಇರಲಿ. ಹುಣಸೆ ನಮ್ಮ ಅಡುಗೆಮನೆಯಲ್ಲಿದೆ, ಸಕ್ಕರೆ ನಮ್ಮ ಹೊಲದಲ್ಲಿದೆ. ಅವುಗಳನ್ನು ಪ್ರಶ್ನೆ ಕೇಳುವ ಕಣ್ಣುಗಳು ಈ ಶಾಲೆಯ ಮುಂದಿನ ನೂರು ವರ್ಷಗಳಲ್ಲಿ ಬೆಳೆದುಬರಲಿ.